ಕಾಮಿ ಎನ್ನದ ನಾಲಿಗೆ

ದಾರಾ ನನ್ನ ಮಾತನ್ನು ತಪ್ಪಾಗಿ ತಿಳಿದುಕೊಂಡದ್ದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಗೊತ್ತಾಗಿಯೂ ತಿದ್ದಲಿಲ್ಲ. ಭಾಷೆ ಕೈಕೊಟ್ಟಿತು ಎಂದು ಅವರು ಇವತ್ತಿಗೂ ನಂಬಿದ್ದಾರೆ — ಹಾಗೆ ನಂಬಲು ಬಿಟ್ಟವಳು ನಾನು.

ನಾನು ಮೈಸೂರಿನವಳು, ಒಂಟಿ, ಬಾಯಿ ಸ್ವಲ್ಪ ಜೋರು. ಕೌಲಾಲಂಪುರದ ಒಂದು ಸಣ್ಣ ಕಲಾ ಮ್ಯೂಸಿಯಂ ನನ್ನ ಉಸ್ತುವಾರಿಯಲ್ಲಿದೆ. ದಾರಾ ನೆರೆದೇಶದ ದೊಡ್ಡ ಮ್ಯೂಸಿಯಮ್ಮಿನ ನಿರ್ದೇಶಕರಾಗಿದ್ದರು. ಪ್ರದರ್ಶನಕ್ಕೆಂದು ಅಲ್ಲಿನ ಚಿತ್ರಗಳನ್ನು ನಮ್ಮಲ್ಲಿಗೆ ತಂದಿದ್ದಾಗಲೇ ಅವರ ದೇಶದಲ್ಲಿ ಕ್ರಾಂತಿಯಾಯಿತು. ಸರ್ಕಾರ ಉರುಳಿತು, ಅವರು ಇಲ್ಲೇ ಉಳಿದರು. ನಮ್ಮ ಗೋದಾಮಿನ ಪಕ್ಕದ ಕೋಣೆಯಲ್ಲಿ ಕೂತು, ಬರೀ ಫೋನಿನಲ್ಲಿ, ತಮ್ಮ ಮ್ಯೂಸಿಯಂ ನಡೆಸಿದರು — ಒಡೆದ ಕಿಟಕಿಗೆ ಹಲಗೆ ಹೊಡೆಸುವುದು, ಹಳೆಯ ದೊರೆಯ ಭಾವಚಿತ್ರವನ್ನು ಜನ ಸುಡದಂತೆ ಅಡಗಿಸುವುದು, ಸಂಬಳವಿಲ್ಲದ ಕಾವಲುಗಾರರನ್ನು ಪುಸಲಾಯಿಸಿ ನಿಲ್ಲಿಸಿಕೊಳ್ಳುವುದು. ಫೋನಿಟ್ಟ ಮೇಲೆ ನನ್ನ ಜೊತೆ ಬೀದಿಬದಿಯ ಮಮಕ್ ಹೋಟೆಲಿಗೆ ಊಟಕ್ಕೆ ಬರುತ್ತಿದ್ದರು. ತಮ್ಮ ಮ್ಯೂಸಿಯಮ್ಮಿನ ಮೆಟ್ಟಿಲು, ಹಜಾರ, ಸಂಜೆಯ ಬಿಸಿಲು — ಅದೇ ಮಾತು. ನಾನು ಅರ್ಧ ಕೇಳುತ್ತಿದ್ದೆ, ಉಳಿದರ್ಧ ಅವರ ಮುಖ ನೋಡುತ್ತಿದ್ದೆ. ಹೌದು, ಪ್ರೀತಿಸಿದ್ದೆ. ಹೇಳಿರಲಿಲ್ಲ.

ನಾವು ಮಾತಾಡುತ್ತಿದ್ದುದು ಮಲಯದಲ್ಲಿ. ಅವರದು ಚೊಕ್ಕ ಮಲಯ, ನನ್ನದು ಅಂಗಡಿಬೀದಿಯದು. ಆ ಭಾಷೆಯಲ್ಲಿ ‘ನಾವು’ ಎನ್ನಲು ಎರಡು ಪದ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ‘ಕಿತಾ’, ಅವರನ್ನು ಬಿಟ್ಟು ನಾವಷ್ಟೇ ಎಂದರೆ ‘ಕಾಮಿ’. ಕನ್ನಡದವಳು ಒಬ್ಬ ಗಂಡಸಿನ ಎದುರು — ಅದೂ ಆ ಗಂಡಸಿನ ಎದುರು — ‘ಕಾಮಿ’ ಎನ್ನುವುದು ಹೇಗೆ? ನಗು ಬರುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು. ಎಲ್ಲದಕ್ಕೂ ‘ಕಿತಾ’ ಎಂದೇ ದಬ್ಬುತ್ತಿದ್ದೆ.

ಒಂದು ಬೆಳಿಗ್ಗೆ ಅಲ್ಲಿನ ಹೊಸ ಆಡಳಿತದವರು ನನಗೆ ಫೋನ್ ಮಾಡಿದರು. ಚಿತ್ರಗಳು ಬರಲಿ, ಹಳೆಯ ಸರ್ಕಾರದ ಮನುಷ್ಯ ದಾರಾ ಬೇಡ ಎಂದರು. ಎರಡನ್ನೂ ಹೇಳಬೇಕೆಂದೇ ದಾರಾ ಕೋಣೆಗೆ ಹೋದೆ. ಸುಲಭದ್ದನ್ನು ಮೊದಲು ಹೇಳಿದೆ: ಚಿತ್ರಗಳನ್ನು ನಾವು ವಾಪಸ್ ಒಯ್ಯುತ್ತೇವೆ. ನಮ್ಮ ಮ್ಯೂಸಿಯಂನವರು ಎಂಬ ಅರ್ಥದಲ್ಲಿ — ಆದರೆ ‘ಕಿತಾ’ ಎಂದೆ.

ಅವರು ಎದ್ದು ನಿಂತರು. “ಕಿತಾ? ನಾನೂ ಸೇರಿ?” ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಆ ಮುಖ ಹಾಗೆ ಅರಳಿದ್ದನ್ನು ನೋಡಿರಲಿಲ್ಲ. ಅದನ್ನು ಬಾಡಿಸುವ ಕೈ ನನ್ನದಾಗಬೇಕೆ...

“ಕಿತಾ,” ಎಂದೆ. ಮೊದಲನೆಯದು ನಾಲಿಗೆಯ ತಪ್ಪು, ಎರಡನೆಯದು ನನ್ನದು.

ಆಮೇಲಿನ ದಿನಗಳು ನನ್ನ ಬದುಕಿನ ಅತ್ಯಂತ ಸುಖದ ದಿನಗಳು. ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಚಿತ್ರಗಳನ್ನು ಒಟ್ಟಿಗೆ ಸುತ್ತಿ ಪೆಟ್ಟಿಗೆಗೆ ಹಾಕಿದೆವು. ಅವರು ಹಾಡು ಗುನುಗುತ್ತಿದ್ದರು. ಬರುತ್ತಿದ್ದೇನೆ, ಹಜಾರ ಗುಡಿಸಿಡಿ ಎಂದು ಕಾವಲುಗಾರರಿಗೆ ಫೋನ್ ಮಾಡಿದರು. ನಿಜ ತಿಳಿದಿದ್ದರೆ ಅದೇ ಕಾವಲುಗಾರರು ಅವರ ಪರವಾಗಿ ಹೊಸಬರ ಬಳಿ ಹೋಗಿ ಬೇಡಿಕೊಳ್ಳುತ್ತಿದ್ದರು. ಆಗಿನ್ನೂ ನಿರ್ದೇಶಕರ ಕುರ್ಚಿ ಖಾಲಿಯಿತ್ತು.

ಕ್ಲಾಂಗ್ ಬಂದರಿಗೆ ದಾರಾ ಸೂಟ್‌ಕೇಸ್ ಹಿಡಿದು ಬಂದರು. ಪೆಟ್ಟಿಗೆಗಳ ಜೊತೆ ಹಡಗಿನಲ್ಲೇ ಹೋಗುವ ಹಟ. ಸಾಗಣೆ ನೋಡಿಕೊಳ್ಳುವ ಮಂಗಳೂರಿನ ರೋಷನ್ ನನ್ನನ್ನು ಪಕ್ಕಕ್ಕೆ ಕರೆದ.

“ಇವ್ರು ಎಲ್ಲಿಗೆ ಮಾರಾಯ್ರೆ? ಬರೀ ಪೇಂಟಿಂಗ್ಸ್ ಅಲ್ವಾ ಹೋಗೋದು? ಅಲ್ಲಿ ಹೊಸ ಡೈರೆಕ್ಟರ್ ಬಂದಾಯ್ತಂತೆ, ಅವ್ರೇ ರಿಸೀವ್ ಮಾಡ್ತಾರಂತೆ. ನಿಮ್ಗೆ ಗೊತ್ತಿಲ್ವಾ?”

ದಾರಾಗೆ ಕನ್ನಡ ಬಾರದು. ನನ್ನ ಮುಖ ನೋಡಿಯೇ ತಿಳಿದುಕೊಂಡರು. ಸೂಟ್‌ಕೇಸ್ ಕೆಳಗಿಟ್ಟು ಮೆಲ್ಲಗೆ, “ಕಾಮಿ ಎನ್ನಬೇಕಿತ್ತು, ಅಲ್ಲವೆ?” ಎಂದರು. “ನಿಮ್ಮದೇನು ತಪ್ಪು? ನಿಮ್ಮ ಭಾಷೆಯಲ್ಲಿ ಇರುವುದು ಒಂದೇ ಪದ.”

ನಾನು ಹೌದೆಂದು ತಲೆಯಾಡಿಸಿದೆ.

ಈಗ ಅವರು ಸುಬಾಂಗ್ ಜಯಾದಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಾರೆ. ನಾನು ಒಳಗೊಳಗೇ ಬಯಸಿದಂತೆ ಇಲ್ಲೇ ಉಳಿದರು. ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ — ನಾನೇ ಹೋಗುವುದಿಲ್ಲ. ಅವರೇ ಆಗಾಗ ಫೋನ್ ಮಾಡಿ ಊಟವಾಯಿತೇ ಎಂದು ವಿಚಾರಿಸುತ್ತಾರೆ. ಆ ದನಿಗಾಗಿ ಕಾದು ಕೂರುತ್ತೇನೆ, ಬಂದಾಗ ಎರಡು ಮಾತಾಡಿ ಇಟ್ಟುಬಿಡುತ್ತೇನೆ.

ಅವರ ಮ್ಯೂಸಿಯಂ ಮತ್ತೆ ತೆರೆಯುತ್ತಿದೆ. ನನಗೆ ಆಹ್ವಾನ ಬಂದಿದೆ, ಅವರಿಗಿಲ್ಲ. ಸುದ್ದಿ ಕೇಳಿ, “ಹೋಗಿ ಬನ್ನಿ, ನನ್ನ ಕಾವಲುಗಾರರನ್ನು ಮಾತಾಡಿಸಿ,” ಎಂದರು.

ನಾನು ಹೋಗುವುದಿಲ್ಲ. ಈ ಭಾನುವಾರ ಸುಬಾಂಗ್ ಜಯಾಕ್ಕೆ ಹೋಗಿ, ಎರಡನೆಯ ‘ಕಿತಾ’ ತಿಳಿದೇ ಹೇಳಿದ್ದು ಎಂದು ಅವರ ಎದುರು ಹೇಳುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ. ಹಾಗೆಂದರೆ ತಕ್ಷಣ ಕ್ಷಮಿಸಿಬಿಡುತ್ತಾರೆ.