ಯಾರಮ್ಮ ನೀವು

ಹಂಪಾಪುರದಲ್ಲಿ ಚಿಕ್ಕಮ್ಮನ ಮಗಳ ಹೊಸ ಮನೆಯ ಒಕ್ಕಲು ಇತ್ತು. ರಾವಂದೂರಿನಿಂದ ಅಕ್ಕ, ಹುಣಸೂರಿನಿಂದ ನಾನು ಹೋಗಿದ್ದೆವು. ಊಟ ಮುಗಿದ ಮೇಲೆ ಚಿಕ್ಕಮ್ಮ, “ಡ್ಯಾಮ್ ಪಕ್ಕದಲ್ಲಿ ಫಾರೆಸ್ಟ್‌ನೋರು ಪಾರ್ಕ್ ಮಾಡವ್ರೆ, ನೋಡ್ಕಂಡು ಓಗ್ರಿ” ಎಂದರು. ಅಕ್ಕ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳೇ ಆಟೊ ಹತ್ತಿ ಕೂತಳು.

ಅಕ್ಕ ಎಲ್ಲಿಗೂ ಹೋಗುವವಳಲ್ಲ. ಭಾವ ಶುಂಠಿ ಕೆಲಸಕ್ಕೆಂದು ಕೇರಳದ ಕಡೆ ಹೋಗಿ ವರ್ಷಗಳೇ ಆಗಿದ್ದವು. ಮೊದಮೊದಲು ಫೋನ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಪೊಲೀಸಿನವರಿಗೂ ಹೇಳಿದ್ದಾಯಿತು, ಶಾಸ್ತ್ರ ಕೇಳಿದ್ದಾಯಿತು. ಮಕ್ಕಳಿರಲಿಲ್ಲ. ಅಕ್ಕ ಅತ್ತೆಯ ಜೊತೆ ರಾವಂದೂರಿನಲ್ಲೇ ಉಳಿದಳು. ಸೀಸನ್ನಿನಲ್ಲಿ ಹೊಗೆಸೊಪ್ಪು ಕಟ್ಟಲು ಕೂಲಿಗೆ ಹೋಗುವುದು, ಉಳಿದಂತೆ ಮನೆಯಲ್ಲೇ ಬ್ಲೌಸ್ ಹೊಲಿಯುವುದು. ಗಂಡ ವಾಪಸು ಬರಲೆಂದು ಸೋಮವಾರ ಒಪ್ಪತ್ತು.

ಪಾರ್ಕು ಸಣ್ಣದು. ಬಿದಿರಿನ ಕಮಾನು, ಸಿಮೆಂಟಿನ ಜಿಂಕೆ, ಮರಗಳಿಗೆ ಹೆಸರು ಬರೆದ ತಗಡು. ಗೇಟಿನಲ್ಲಿ ನಮ್ಮ ಪ್ಲಾಸ್ಟಿಕ್ ಕವರು ಕಿತ್ತಿಟ್ಟುಕೊಂಡು ಒಳಗೆ ಬಿಟ್ಟರು. ಮುಳ್ಳುತಂತಿಯಾಚೆ ಹಿನ್ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕ ಉಯ್ಯಾಲೆಯ ಮೇಲೆ ಕೂತು, “ತಳ್ಳೇ” ಎಂದಳು. ತಳ್ಳಿದೆ. ಸೀರೆಯ ನೆರಿಗೆ ಹಿಡಿದುಕೊಂಡು ನಗುತ್ತಿದ್ದವಳು ಥಟ್ಟನೆ ಕಾಲು ಊರಿದಳು.

“ಆ ದನಿ ಕೇಳುಸ್ತಾ?”

ನೀರಿನ ಕಡೆಯ ಕಟ್ಟೆಯ ಮೇಲೆ ಒಬ್ಬ ಗಂಡಸು ಪುಟ್ಟ ಹುಡುಗಿಯೊಂದನ್ನು ಎತ್ತಿಕೊಂಡು ಬಾತುಕೋಳಿ ತೋರಿಸುತ್ತಿದ್ದ. ಪಕ್ಕದಲ್ಲಿ ಚೂಡಿದಾರದ ಹೆಂಗಸು ಸೌತೆಕಾಯಿ ತಿನ್ನುತ್ತಿದ್ದಳು. ಗಂಡಸು ತಿರುಗಿದ. ಮೈ ತುಂಬಿಕೊಂಡಿತ್ತು, ತಲೆಗೆ ಬಣ್ಣ ಹಚ್ಚಿದ್ದ. ಆದರೂ ಭಾವನೇ.

ಅಕ್ಕ ಆಗಲೇ ನಡೆದು ಹೋಗಿ ಅವರ ಎದುರು ನಿಂತಿದ್ದಳು.

“ರೀ” ಎಂದಳು, ಅಷ್ಟೇ.

ಅವರು ಅಕ್ಕನ ಮುಖ ನೋಡಿದರು. ನಿಧಾನವಾಗಿ, ಪೂರ್ತಿ ನೋಡಿದರು. ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, “ಯಾರಮ್ಮ ನೀವು?” ಎಂದರು.

ಆ ಹೆಂಗಸು ಮಲಯಾಳದಲ್ಲಿ ಏನೋ ಕೇಳಿದಳು. ಭಾವ ಅದೇ ಭಾಷೆಯಲ್ಲಿ ಸರಾಗವಾಗಿ ಉತ್ತರ ಕೊಟ್ಟರು. ನಮ್ಮ ಭಾವ, ರಾವಂದೂರಿನ ಸಂತೆಯಲ್ಲಿ ದನದ ವ್ಯಾಪಾರ ಮಾಡುತ್ತಿದ್ದವರು, ಹುಟ್ಟಿದಾಗಿನಿಂದ ಆಡಿದ ಹಾಗೆ ಆ ಮಾತಾಡಿದರು. ಏನು ಹೇಳಿದರೋ ನಮಗೆ ತಿಳಿಯಲಿಲ್ಲ. ಹೆಂಗಸು ಅಕ್ಕನ ಕಡೆ ತಿರುಗಿ ಕನ್ನಡದಲ್ಲಿ, “ನಿಮಗೆ ಪರಿಚಯ ಉಂಟಾ?” ಎಂದಳು. ಪಾಪ, ಅವಳ ಮುಖದಲ್ಲಿ ಕಪಟವಿರಲಿಲ್ಲ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು.

“ಇಲ್ಲಮ್ಮ. ನಮ್ಮ ಕಡೆಯೋರು ಅನ್ಕಂಡೆ” ಎಂದವಳೇ ಗೇಟಿನ ಕಡೆ ನಡೆದಳು.

ವಾಪಸು ಬರುವಾಗ ನಾನು ಬಸ್ಸಿನಿಂದ ಹುಣಸೂರಿನಲ್ಲಿ ಇಳಿಯಬೇಕಿತ್ತು. ಇಳಿಯಲು ಮನಸ್ಸಾಗಲಿಲ್ಲ, ಅವಳ ಜೊತೆಯೇ ಹೋದೆ. ಪಿರಿಯಾಪಟ್ಟಣ ದಾಟಿದ ಮೇಲೆ ಅಕ್ಕ ಕಿಟಕಿಯ ಕಡೆ ನೋಡುತ್ತಲೇ, “ಅವ್ರು ಎದರ್ಕಂಡಿದ್ರೆ ಪರವಾಗಿರ್ಲಿಲ್ಲ ಕಣೇ. ಎದರ್ಕಳ್ಳೇ ಇಲ್ಲ” ಎಂದಳು.

ನಾವು ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. “ಎಂಗಾಯ್ತವ್ವ ಒಕ್ಕಲು?” ಎಂದು ಕೇಳಿದರು.

“ಚೆನ್ನಾಗಾಯ್ತು ಅತ್ತೆ. ಪಾರ್ಕಿಗೋಗಿದ್ದೊ. ಅಲ್ಲಿ ನಿಮ್ಮ ಮಗ ಸಿಕ್ಕಿದ್ರು.”

ಮುದುಕಿ ಎದೆ ಬಡಿದುಕೊಂಡು ಅಳುತ್ತದೆ, ಹಿಡಿದುಕೊಳ್ಳಬೇಕು ಎಂದು ನಾನು ಮುಂದಕ್ಕೆ ಸರಿದೆ. ಅತ್ತೆಯ ಕೈ ನಿಂತಿತು. “ಒಬ್ನೇ ಇದ್ನಾ, ಮಗೀನೂ ಕರ್ಕಂಡು ಬಂದಿದ್ನಾ?” ಎಂದರು.

ಕೇಳಿದ ಮೇಲೆಯೇ ಅವರಿಗೆ ತಾವು ಏನು ಕೇಳಿದೆವೆಂದು ಗೊತ್ತಾದದ್ದು. ಬೀದಿಯಲ್ಲಿ ಯಾರೋ ಹಾಲಿನ ಕ್ಯಾನು ಹೊತ್ತುಕೊಂಡು ಡೇರಿಗೆ ಹೋಗುತ್ತಿದ್ದರು.

“ಯಾವತ್ತಿಂದ ಗೊತ್ತು?” ಅಕ್ಕ ಕೇಳಿದಳು.

“ಮಗಿ ಉಟ್ದಾಗ ಯಾರ್ದೋ ಫೋನಿಂದ ಏಳ್ದ. ನಿನ್ಗೇಳುದ್ರೆ ನೀನು ಒಂಟೋಯ್ತಿದ್ದೆ ಕಣವ್ವ. ಆಮೇಲೆ ನಂಗ್ಯಾರವ್ರೆ?”

ಅಕ್ಕ ಸೋಮವಾರ ಉಪವಾಸ ಕೂತಾಗ ಅವಲಕ್ಕಿ ನೆನೆಸಿ ಕೊಡುತ್ತಿದ್ದವರು ಇದೇ ಅತ್ತೆ. ಜ್ವರ ಬಂದರೆ ಅಕ್ಕನ ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದವರೂ ಇವರೇ. ಭಾವನ ಮೇಲೆ ನನಗೆ ಬಂದದ್ದು ಸಿಟ್ಟು. ಈ ಮುದುಕಿಯನ್ನು ನೋಡಿದಾಗ ಬಂದದ್ದಕ್ಕೆ ಹೆಸರಿಲ್ಲ.

ಅಕ್ಕ ಒಳಗೆ ಹೋಗಿ ಒಲೆ ಹಚ್ಚಿದಳು. ಮುದ್ದೆ ತಿರುವಿ, ಅದೇ ಅವರೆಕಾಳಿನ ಸಾರು ಮಾಡಿ ಅತ್ತೆಗೆ ಬಡಿಸಿದಳು. ಬೆಳಿಗ್ಗೆ ಹೊಲಿಗೆ ಮಿಷನ್ನನ್ನು ಗೂಡ್ಸ್ ಆಟೊಗೆ ಹಾಕಿಸಿದಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು, ತಡೆಯಲಿಲ್ಲ. “ನಿಮ್ಮ ಮಗಂಗೆ ಫೋನ್ ಮಾಡಿ, ಕರ್ಕಂಡೋಗ್ಲಿ” ಎಂದು ಹೇಳಿ ಅಕ್ಕ ಆಟೊ ಹತ್ತಿದಳು. ಆ ವಾರವೇ ಭಾವ ಬಂದು ತಾಯಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರೆಂದು ಆಮೇಲೆ ತಿಳಿಯಿತು. ಆ ಇನ್ನೊಬ್ಬಳಿಗೆ ಏನು ಹೇಳಿದರೋ ಕಾಣೆ.

ಈಗ ಅಕ್ಕ ನನ್ನ ಜೊತೆ ಹುಣಸೂರಿನಲ್ಲಿದ್ದಾಳೆ. ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಟೈಲರಿಂಗ್ ಅಂಗಡಿ. ವಕೀಲರನ್ನು ಕಾಣೋಣ ಎಂದು ನಾನು ಹೇಳಿದಾಗಲೆಲ್ಲ, ಹಬ್ಬದ ಬಟ್ಟೆ ಮುಗಿಯಲಿ ಎನ್ನುತ್ತಿದ್ದಳು. ಕಳೆದ ತಿಂಗಳು ತಾನಾಗಿಯೇ ಹೊರಟಳು. ನೋಟಿಸು ಕಳಿಸಲು ಗಂಡನ ವಿಳಾಸ ಬೇಕು ಎಂದರು ವಕೀಲರು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅಕ್ಕ ಅಲ್ಲೇ ಕೂತು ಸ್ಪೀಕರ್ ಹಾಕಿ ಅತ್ತೆಗೆ ಫೋನ್ ಮಾಡಿದಳು. ಮಂಡಿ ನೋವು ಹೇಗಿದೆ ಎಂದು ಕೇಳಿದಳು. ಆಮೇಲೆ, “ನಿಮ್ಮ ಮಗನ ಮೇಲೆ ಕೇಸ್ ಆಕ್ತಿದ್ದೀನಿ ಅತ್ತೆ, ಅಡ್ರೆಸ್ ಬೇಕು” ಎಂದಳು.

ಫೋನಿನ ಆ ಕಡೆ ಎಲ್ಲೋ ಟೀವಿ ಮಲಯಾಳದಲ್ಲಿ ಮಾತಾಡುತ್ತಿತ್ತು. ಅತ್ತೆ ದನಿ ತಗ್ಗಿಸಿ, “ಬರ್ಕೊ ಕಣವ್ವ” ಎಂದರು.