ಗುರುಸಿದ್ದಪ್ಪನವರ ಉಕ್ಲೋನ್

ಅಮೆರಿಕದ ಡೆಸ್ ಪ್ಲೇನ್ಸ್‌ನ ಕನ್ನಡ ಸಂಘದಲ್ಲಿ ನಾಟಕ ಆಡಿಸುವ ಗುರುಸಿದ್ದಪ್ಪನವರು ಧಾರವಾಡದ ಕಡೆಯ ನಿವೃತ್ತ ಎಂಜಿನಿಯರು. ಈಚೆಗೆ ಅವರು ಅಭಿನಯವನ್ನು ಪೋಲಿಷ್ ಭಾಷೆಯಲ್ಲಿ ಕಲಿಸತೊಡಗಿದ್ದರು. "ಮಿನಾ, ಅಂದ್ರ ಫೇಶಿಯಲ್ ಎಕ್ಸ್‌ಪ್ರೆಶನ್" ಎಂದು ಅವರು ಗುಡುಗಿದರೆ, ದುರ್ಯೋಧನನ ಪಾತ್ರದ ಪ್ರಸಾದ್ ಈ ಮಿನಾ ಯಾರೆಂದು ಹಿಂತಿರುಗಿ ನೋಡುತ್ತಿದ್ದ. "ಗೆಸ್ಟ್, ಅಂದ್ರ ಜೆಸ್ಚರ್" ಎಂದು ಮುಗಿಸುವುದರೊಳಗೆ ಯಾರೋ ಅತಿಥಿ ಬಂದರೆಂದು ಇನ್ನೊಬ್ಬ ನಟ ಕುರ್ಚಿ ಎಳೆದಿರುತ್ತಿದ್ದ. ಉಕ್ಲೋನ್ ಎಂದರೆ ತಲೆಬಾಗಿ ವಂದಿಸುವುದು. ಅದನ್ನು ತೋರಿಸಲು ಹೋಗಿ ಅವರು ಮೇಜಿನ ಮೇಲಿನ ಚಿತ್ರಾನ್ನಕ್ಕೆ ಹಣೆ ತಾಗಿಸಿ, ಕಡಲೆಬೇಳೆ ಅಂಟಿಸಿಕೊಂಡೇ ಏಳುತ್ತಿದ್ದರು. "ಅಂಕಲ್, ಕನ್ನಡದಲ್ಲೇ ಹೇಳ್ಬಾರ್ದಾ?" ಎಂದು ದ್ರೌಪದಿಯಾಗಿದ್ದ ಭಾನುಪ್ರಿಯಾ ಕೇಳಿದರೆ, "ನನಗ ರೂಢಿ ಆಗಬೇಕವ್ವಾ" ಎನ್ನುತ್ತಿದ್ದರು. ಒಂದು ಭಾನುವಾರ ಅವಳೇ ಅವರನ್ನು ಕಾರಿನಲ್ಲಿ ನರ್ಸಿಂಗ್ ಹೋಮಿಗೆ ಬಿಡಲು ಹೋದಳು. ಅಲ್ಲಿ ಅವರ ನೆರೆಮನೆಯ ಹಾಲಿನಾ ಇದ್ದರು. ಪೋಲೆಂಡಿನ ಹಳೆಯ ರಂಗನಟಿ, ಲಕ್ವ ಹೊಡೆದ ಮೇಲೆ ಇಂಗ್ಲಿಷ್ ಪೂರಾ ಮರೆತವರು, ಯಾರು ಮಾತಾಡಿಸಿದರೂ ಗೋಡೆಯತ್ತಲೇ ನೋಡುತ್ತಿದ್ದವರು. ಗುರುಸಿದ್ದಪ್ಪನವರು ಎದುರು ನಿಂತು "ಉಕ್ಲೋನ್" ಎಂದು ನೆಲ ಮುಟ್ಟುವಂತೆ ಬಾಗಿದರು. ಹಾಲಿನಾ ತಿರುಗಿದರು, ಬಾಯಿಯ ಒಂದೇ ಬದಿಯಿಂದ, ಆದರೆ ಮೈಯೆಲ್ಲ ಕುಲುಕುವಂತೆ ನಕ್ಕರು. ಭಾನುಪ್ರಿಯಾ ಫೋನಿನಲ್ಲಿ ಆ ಪದ ಹುಡುಕಿ ಅದರ ಉಚ್ಚಾರ ಕೇಳಿಸಿಕೊಂಡು, "ಅಂಕಲ್, ಅದು ಉಕ್ವೋನ್ ಅಂತೆ" ಎಂದು ಪಿಸುಗುಟ್ಟಿದಳು. "ಗೊತ್ತೈತವ್ವಾ," ಎಂದರು ಅವರು, ಸೊಂಟ ಹಿಡಿದುಕೊಂಡು ಮೇಲೇಳುತ್ತ. "ಸರಿಯಾಗಿ ಅಂದ್ರ ಅವ್ರು ನಗೂದಿಲ್ಲ."