ಎಡಗೈಗೆ ಸಿಗುವ ಕಂಬಿ

ನೀರಿನ ಕೆಲಸ ಮಾಡಿ ಮಾಡಿ ನನಗೆ ಸಾಕಾಗಿಹೋಗಿದೆ. ಶಿವಮೊಗ್ಗದ ಅಪಾರ್ಟ್‌ಮೆಂಟುಗಳ ಈಜುಕೊಳ, ಆಯನೂರು ಕಡೆಯ ಹೋಂಸ್ಟೇಯ ಕಾರಂಜಿ, ನವುಲೆಯಲ್ಲಿ ಯಾರದೋ ಮನೆಯಂಗಳದ ತಾವರೆಕೊಳ, ಎಲ್ಲಕ್ಕೂ ನಕ್ಷೆ ಬರೆದುಕೊಟ್ಟಿದ್ದೇನೆ. ಎಲ್ಲರ ಬೇಡಿಕೆಯೂ ಒಂದೇ: ‘ಆಳ ಇರ್ಲಿ ಮೇಡಂ, ನೋಡೋಕೆ ಗ್ರ್ಯಾಂಡಾಗಿರ್ಬೇಕು.’ ಅಂಚಿಗೆ ಬೇಲಿ ಹಾಕೋಣ ಅಂದರೆ ಅಂದ ಕೆಡುತ್ತದೆ. ಮೆಟ್ಟಿಲಿಗೆ ಕಂಬಿ ಹಾಕೋಣ ಅಂದರೆ ಆಸ್ಪತ್ರೆ ಥರ ಕಾಣುತ್ತದೆ. ವಯಸ್ಸಾದವರು ಇಳಿಯುವುದಾದರೂ ಹೇಗೆ ಎಂದು ಕೇಳಿದರೆ, ಅವರು ಯಾಕೆ ಇಳಿಯಬೇಕು ಎಂದು ನನ್ನನ್ನೇ ಕೇಳುತ್ತಾರೆ. ಮೊದಲೆಲ್ಲ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ನಕ್ಷೆಯಲ್ಲಿ ಕಂಬಿ ಬರೆಯುತ್ತೇನೆ, ಅವರು ಹೊಡೆದುಹಾಕುತ್ತಾರೆ, ನಾನು ಮನೆಗೆ ಬಂದು ಮಲಗುತ್ತೇನೆ.

ಭದ್ರಾವತಿಯ ಕೊಳದ ವಿಷಯದಲ್ಲಿ ಮಾತ್ರ ಹಾಗೆ ಮಲಗಲು ಆಗಲಿಲ್ಲ. ಅದು ನನ್ನ ಅಕ್ಕನ ಬೀದಿಯ ಕೊಳ.

ಅಕ್ಕ ಇರುವುದು ನ್ಯೂಟೌನಿನಲ್ಲಿ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗಾಲು ಸೊರಗಿದೆ. ಬಲಗೈಯಿಂದ ತೊಡೆಯನ್ನು ಒತ್ತಿ ಹಿಡಿದು ಹೆಜ್ಜೆ ಹಾಕುತ್ತಾಳೆ. ಕೈ ತೆಗೆದರೆ ಕಾಲು ಮಡಚಿಕೊಳ್ಳುತ್ತದೆ. ಗೌರಿ ಹಬ್ಬದ ಬೆಳಿಗ್ಗೆ ಹೆಂಗಸರು ಕೊಳಕ್ಕೋ ಹೊಳೆಗೋ ಹೋಗಿ ಗಂಗೆಪೂಜೆ ಮಾಡಿ ಚೊಂಬಿನಲ್ಲಿ ನೀರು ತರುವುದು ನಮ್ಮಲ್ಲಿ ಪದ್ಧತಿ. ನನಗೆ ಬುದ್ಧಿ ಬಂದಾಗಿನಿಂದ ಅಕ್ಕ ಒಮ್ಮೆಯೂ ನೀರಿಗೆ ಇಳಿದಿಲ್ಲ. ಅವಳು ಮೇಲೆ ನಿಂತು ಎಲ್ಲರ ಚಪ್ಪಲಿ, ಛತ್ರಿ, ಬ್ಯಾಗು ಕಾಯುತ್ತಿದ್ದಳು. ಅವಳ ಚೊಂಬನ್ನು ಬೇರೆ ಯಾರಾದರೂ ತುಂಬಿಕೊಡುತ್ತಿದ್ದರು. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡಿದ್ದನ್ನು ನಾನು ಕಾಣೆ. ಅವಳೂ ಏನೂ ಹೇಳುತ್ತಿರಲಿಲ್ಲ.

ಅವರ ಬೀದಿಯ ಪುಟ್ಟ ದೇವಸ್ಥಾನದ ಪಕ್ಕದ ಹಳೆಯ ಕೊಳವನ್ನು ಗೌರಿ ಹಬ್ಬದೊಳಗೆ ರಿಪೇರಿ ಮಾಡಿಸಲು ಸಮಿತಿ ಹೊರಟಾಗ, ನಕ್ಷೆ ನಾನು ಮಾಡಿಕೊಡುತ್ತೇನೆ ಎಂದು ಮೇಲೆ ಬಿದ್ದು ಹೋದೆ. ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಇಳಿಜಾರು, ಅದು ಮುಗಿಯುವಲ್ಲಿ ಮೊಣಕಾಲುದ್ದ ನೀರು, ನೀರಿನೊಳಗೆ ಕೂರಲು ಕಟ್ಟೆ, ಇಳಿಜಾರಿನ ಎರಡೂ ಬದಿಗೆ ಕಂಬಿ. ಸಮಿತಿಯ ಅಧ್ಯಕ್ಷರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ‘ಎರಡೂ ಕಡೆ ರೇಲಿಂಗ್ ಯಾಕೆ ಮೇಡಂ? ಒಂದು ಕಡೆ ಸಾಕಲ್ವಾ?’ ಅಂದರು.

‘ಇಳಿಯೋವಾಗ ಎಡಗೈಗೆ ಸಿಗೋದು ಹತ್ತೋವಾಗ ಬಲಗೈ ಕಡೆಗೆ ಹೋಗುತ್ತಲ್ಲ ಸಾರ್. ನಮ್ಮಕ್ಕನ ಬಲಗೈ ಖಾಲಿ ಇರಲ್ಲ.’

ಅವರು ಅಲ್ಲೇ ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು, ತಮ್ಮ ಕೈಗಳನ್ನು ನೋಡಿಕೊಂಡರು, ಒಪ್ಪಿದರು. ಬರೀ ಒಂದು ಕಂಬಿಗಾಗಿ ಅಷ್ಟು ಖುಷಿಪಟ್ಟವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಕಾಲು ಜಾರದಿರಲೆಂದು ಸಿಮೆಂಟು ಹಸಿಯಿರುವಾಗಲೇ ಅದರ ಮೇಲೆ ಅಡ್ಡಡ್ಡ ಪೊರಕೆ ಎಳೆಸಿ ಗೀರು ಹಾಕಿಸಿದೆ. ಅಕ್ಕ ದಿನಾ ಹೋಗಿ ನೋಡಿಬಂದು ಫೋನ್ ಮಾಡುತ್ತಿದ್ದಳು. ‘ಕಂಬಿ ಗಟ್ಟಿ ಇದೆ ಕಣೇ. ಅಲ್ಲಾಡಿಸಿ ನೋಡ್ದೆ.’

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಸ್ಸಿಳಿದು ಹೋದೆ. ಇಳಿಜಾರು ಥಳಥಳ ಹೊಳೆಯುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಕೆಂಪು, ಬಿಳಿ, ಕೆಂಪು, ಬಿಳಿ ಪಟ್ಟೆ. ದೇವಸ್ಥಾನದ ಗೋಡೆಗೆ ಬಳಿಯುವ ಹಾಗೆ ನೆಲಕ್ಕೂ ಆಯಿಲ್ ಪೇಂಟ್ ಬಳಿದಿದ್ದರು. ಪೊರಕೆಯ ಗೀರುಗಳೆಲ್ಲ ಮುಚ್ಚಿಹೋಗಿದ್ದವು. ಚಪ್ಪಲಿ ಬಿಟ್ಟು, ಒಂದಿಷ್ಟು ನೀರು ಚೆಲ್ಲಿ, ಕಾಲಿಟ್ಟೆ. ಸರ್ರನೆ ಜಾರಿ ಕಂಬಿಗೆ ನೇತುಬಿದ್ದೆ.

‘ಈಗ ನೋಡಿ ಮೇಡಂ, ದೇವಸ್ಥಾನದ ಕಳೆ ಬಂತು’ ಎಂದರು ಅಧ್ಯಕ್ಷರು. ಅವರ ಮೊಣಕಾಲಿನ ಮೇಲೂ ಕೆಂಪು ಬಣ್ಣ. ಆ ವಯಸ್ಸಿನಲ್ಲಿ ನೆಲಕ್ಕೆ ಮಂಡಿಯೂರಿ, ಪಟ್ಟಿಯಿಟ್ಟು ಗೆರೆ ಎಳೆದು, ಭಕ್ತಿಯಿಂದ ತಾವೇ ಬಳಿದಿದ್ದರು. ಆ ಹೊತ್ತಿಗೆ ನನಗಾದಷ್ಟು ಸುಸ್ತು ಇಷ್ಟು ವರ್ಷ ದುಡಿದರೂ ಆಗಿರಲಿಲ್ಲ. ಕೆಟ್ಟವರ ಜೊತೆ ಹೇಗೋ ಗುದ್ದಾಡಬಹುದು, ಒಳ್ಳೆಯವರ ಜೊತೆ ಏನು ಮಾಡುವುದು?

‘ಕೆರೀಬೇಕು ಸಾರ್ ಇದನ್ನ’ ಅಂದೆ.

‘ಹಬ್ಬದ ಹಿಂದಿನ ದಿನ ದೇವರ ಪಟ್ಟೆ ಕೆರೀತಾರಾ? ಅಪಶಕುನ ಮೇಡಂ!’

ಗೋಡೆಗೆ ಒರಗಿ ನಿಂತಿದ್ದ ಅಕ್ಕ ನಡುವೆ ಬಾಯಿ ಹಾಕಿದಳು. ‘ಬಿಡೇ ಮಾರಾಯ್ತಿ. ನಾನು ಮೇಲೇ ಇರ್ತೀನಿ. ಚಪ್ಪಲಿ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ.’

ನಾನು ಅಂಗಡಿಗೆ ಹೋಗಿ ತಂತಿ ಬ್ರಷ್ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗಡೆಯ ಕಂಬಿಯ ಬುಡದಲ್ಲಿ ಕೂತು ಕೆರೆಯತೊಡಗಿದೆ. ಅಧ್ಯಕ್ಷರು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು ಹೊರಟುಹೋದರು. ದೂರು ಹೇಳಲು ಹೋದರು ಅಂದುಕೊಂಡೆ, ಹೇಳಿಕೊಳ್ಳಲಿ ಅಂದುಕೊಂಡೆ. ಅರ್ಧ ಮುಗಿಯುವಷ್ಟರಲ್ಲಿ ತಿರುಗಿ ಬಂದರು. ‘ಮಧ್ಯದ್ದು ಉಳಿಯುತ್ತಾ?’ ಎಂದು ಕೇಳಿದರು.

‘ಉಳಿಯುತ್ತೆ. ಅಂಚು ಮಾತ್ರ, ಕಾಲಿಡೋವಷ್ಟು.’

ಹಾಗಾದರೆ ಅಡ್ಡಿಯಿಲ್ಲ ಎಂದು ತಮ್ಮ ಮನೆಯಿಂದ ತಂದಿದ್ದ ತಂತಿ ಬ್ರಷ್ ತೆಗೆದು ಆ ಕಡೆಯ ಕಂಬಿಯ ಬುಡದಲ್ಲಿ ಕೂತರು. ಬೆಳಕು ಇಳಿಯುವ ಹೊತ್ತಿಗೆ ಎರಡೂ ಅಂಚಿನಲ್ಲಿ ಸಿಮೆಂಟಿನ ಗೀರು ಮತ್ತೆ ಕಂಡಿತು.

ಬೆಳಿಗ್ಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಬೀದಿಯ ಹೆಂಗಸರೆಲ್ಲ ಚೊಂಬು ಹಿಡಿದು ಬಂದು ಚಪ್ಪಲಿ ಬಿಟ್ಟು ಮೆಟ್ಟಿಲಿಳಿದರು. ಅಕ್ಕ ಇಳಿಜಾರಿನ ತುದಿಗೆ ಬಂದಾಗಲಷ್ಟೇ ನನಗೆ ಹೊಳೆದದ್ದು: ಬಲಗೈ ತೊಡೆಯ ಮೇಲೆ, ಎಡಗೈ ಕಂಬಿಯ ಮೇಲೆ. ಚೊಂಬು ಹಿಡಿಯುವುದು ಯಾವ ಕೈಯಲ್ಲಿ? ಅಷ್ಟೆಲ್ಲ ಲೆಕ್ಕ ಹಾಕಿದ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅಕ್ಕ ಯೋಚಿಸಿದ್ದಳು. ಚೊಂಬಿನ ಕಂಠಕ್ಕೆ ಅರಿಶಿನದ ದಾರ ಸುತ್ತುತ್ತಾರಲ್ಲ, ಅದನ್ನೇ ನಾಲ್ಕೆಳೆ ಹೊಸೆದು ಉದ್ದ ಮಾಡಿ ಚೊಂಬನ್ನು ಕೊರಳಿಗೆ ತೂಗುಹಾಕಿಕೊಂಡಿದ್ದಳು.

ಚಪ್ಪಲಿಯನ್ನು ನನ್ನ ಕಾಲ ಬಳಿ ಬಿಟ್ಟು, ‘ನೋಡ್ಕೊಳೇ’ ಎಂದಳು.

ನಿಧಾನವಾಗಿ ಇಳಿದಳು. ನಾನು ಅವಳ ಪಾದವನ್ನೇ ನೋಡುತ್ತಿದ್ದೆ. ಜಾರಲಿಲ್ಲ. ಕಟ್ಟೆಯ ಮೇಲೆ ಕೂತು, ನೀರಿನಲ್ಲಿ ಎರಡೂ ಕಾಲು ಬಿಟ್ಟು, ಗಂಗೆಗೆ ಅರಿಶಿನ ಕುಂಕುಮ ಏರಿಸಿ, ತನ್ನ ಚೊಂಬನ್ನು ತಾನೇ ಮುಳುಗಿಸಿ ತುಂಬಿದಳು. ಪೂಜೆ ಮುಗಿದು ಉಳಿದವರೆಲ್ಲ ಹತ್ತಿಬಂದರೂ ಅವಳು ಏಳಲಿಲ್ಲ. ‘ಬಾ ಅಕ್ಕ, ಸಾಕು, ಶೀತ ಆಗುತ್ತೆ’ ಎಂದು ಕರೆದೆ. ‘ಇರು ಮಾರಾಯ್ತಿ’ ಅಂದಳು. ಮಳೆಯಲ್ಲಿ ಚಪ್ಪಲಿ, ಛತ್ರಿ, ಬ್ಯಾಗುಗಳ ನಡುವೆ ನಿಂತು ನಿಂತು ನನ್ನ ಸೊಂಟ ಹಿಡಿದುಹೋಗಿತ್ತು.

ಕೊನೆಗೂ ಆ ಕಡೆಯ ಕಂಬಿ ಹಿಡಿದು ಹತ್ತಿಬಂದಳು. ಚೊಂಬಿನ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತ್ತು. ಏದುಸಿರು ಬಿಡುತ್ತಾ ನನ್ನನ್ನು ನೋಡಿದಳು.

‘ಮೇಲೆ ನಿಂತ್ಕೊಂಡು ಕಾಯೋದು ಎಷ್ಟು ಬೇಜಾರು ಅಂತ ಗೊತ್ತಾಯ್ತಾ?’

ಗೊತ್ತಾಯ್ತು ಅಂದೆ. ಬಗ್ಗಿ ಅವಳ ಚಪ್ಪಲಿಯನ್ನು ಕಾಲಿಗೆ ಸರಿಸಿದೆ.